ದಾಕ್ಷಾಯಿಣಿ ನಡೆದ ಮೂರು ದಿನ

ನನ್ನ ಬಾಯಿಂದ ಬಂದ 'ಹೌದು' ಎಂಬ ಒಂದು ಮಾತಿಗೆ ಎಂಟು ವರ್ಷದ ಹುಡುಗಿಯೊಬ್ಬಳು ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ನಿಲ್ಲದೆ ನಡೆದಳು. ಈಗ ನನಗೆ ಎಪ್ಪತ್ತಮೂರು. ಅನ್ನ ಬಸಿಯುವಾಗಲೋ ತಲೆ ಬಾಚಿಕೊಳ್ಳುವಾಗಲೋ ಅದು ನೆನಪಾದರೆ ಕೈ ಹಾಗೇ ನಿಂತುಬಿಡುತ್ತದೆ.

ನಮ್ಮೂರಿನಲ್ಲಿ ಇಬ್ಬರು ದೊಡ್ಡವರು ಒಂದು ಮಗುವಿನ ಬಗ್ಗೆ ಒಂದೇ ಮಾತನ್ನು ಒಪ್ಪಿ ಆಡಿದರೆ ಅದು ಆ ಮಗುವಿಗೆ ಹತ್ತುತ್ತದೆ, ಅಂದಂತೆಯೇ ಆಗುತ್ತದೆ. ಬಾಯಿಮಾತಿಗೆ ಆಡಿದ್ದು ಹತ್ತುವುದಿಲ್ಲ. ಇಬ್ಬರೂ ಕಣ್ಣಾರೆ ನೋಡಿದ್ದಾಗಿರಬೇಕು, ಇಬ್ಬರೂ ಮನಸಾರೆ ಒಪ್ಪಿರಬೇಕು. ಹಾಗಾಗಿ ಮಕ್ಕಳ ಮಾತು ಬಂದಾಗ ನಮ್ಮ ಜನ ಬಲು ಹುಷಾರು. "ನಿನ್ನ ಮಗ ಭಾಳ ತುಂಟ ಕಣೇ" ಎಂದು ಪಕ್ಕದ ಮನೆಯವಳು ಅಂದರೆ, ತಾಯಿಯಾದವಳು ಸೊಪ್ಪು ಸೋಸುವ ಕೈ ನಿಲ್ಲಿಸದೆ "ನಾ ನೋಡಿಲ್ಲಮ್ಮ" ಅನ್ನುತ್ತಾಳೆ. ಅದನ್ನು ಯಾರೂ ಸುಳ್ಳೆಂದು ತಿಳಿಯುವುದಿಲ್ಲ, ಮನೆಗೆ ಬಂದವರಿಗೆ ನೀರು ಕೊಟ್ಟಷ್ಟೇ ಸಹಜವಾದ ಮರ್ಯಾದೆ ಅದು. ನಮ್ಮ ಶಾಲೆಯ ಪ್ರಗತಿಪತ್ರದಲ್ಲಿ ಪೋಷಕರ ಸಹಿಯ ಜಾಗದ ಮೇಲೆ 'ಓದಿದ್ದೇನೆ, ನಾನು ನೋಡಿಲ್ಲ' ಎಂದು ಅಚ್ಚು ಹಾಕಿಸಿರುತ್ತಾರೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಒಂದು ಮಗುವಿನ ಹೆಸರೆತ್ತಿದರೆ ಉಳಿದವರು ಸೆಖೆಯ ಮಾತಿಗೆ ಹೊರಳುತ್ತಿದ್ದರು.

ಆ ಶಾಲೆಯಲ್ಲಿ ನಾನು ಆಪ್ತ ಸಮಾಲೋಚಕಿಯಾಗಿದ್ದೆ. ಮಕ್ಕಳು ಮಾತಿನ ಟೀಚರ್ ಅನ್ನುತ್ತಿದ್ದರು. ಶುಕ್ರವಾರ ಮಧ್ಯಾಹ್ನ ತಂದೆಯನ್ನೋ ತಾಯಿಯನ್ನೋ ಕರೆಸಿ, ಮಗುವಿನ ವಿಷಯ ಕುಳಿತು ಮಾತಾಡುವುದು ನನ್ನ ಕೆಲಸ. ದೂರದ ಕಾಲೇಜಿನಲ್ಲಿ ಮನಃಶಾಸ್ತ್ರ ಓದುವಾಗ ಇದಕ್ಕೊಂದು ಕ್ರಮ ಕಲಿಸಿದ್ದರು. ತೊಂದರೆಯನ್ನು ಕೆದಕುತ್ತ ಕೂರಬೇಡಿ, ತೊಂದರೆ ಇಲ್ಲದ ಹೊತ್ತು ಯಾವುದಿತ್ತು ಎಂದು ಕೇಳಿ. ಆಗ ಏನು ಬೇರೆಯಾಗಿತ್ತು ಎಂದು ಕೇಳಿ. ಹತ್ತಕ್ಕೆ ಎಷ್ಟು ಎಂದು ಕೇಳಿ, ಎಷ್ಟೇ ಕಡಿಮೆ ಹೇಳಿದರೂ ಅದಕ್ಕಿಂತ ಕಡಿಮೆ ಯಾಕಿಲ್ಲ ಎಂದು ಕೇಳಿ. ನನ್ನ ಜೊತೆ ಓದಿದವರಿಗೆ ಅದು ಪರೀಕ್ಷೆಗೆ ಬರುವ ಒಂದು ಪಾಠ. ನಮ್ಮೂರಿಗೆ ಬಂದ ಮೇಲೆ ನನಗೆ ಅದು ಬಿಸಿ ಪಾತ್ರೆ ಇಳಿಸುವ ಇಕ್ಕಳದ ಹಾಗಾಯಿತು. ಮಗುವಿನ ಮೇಲೆ ದೂರು ಹೊತ್ತು ಬಂದವರನ್ನು ದೂರಿನಿಂದ ಮೆಲ್ಲಗೆ ಈಚೆ ತಂದು, ಇಬ್ಬರೂ ನೋಡಿದ ಒಂದು ಒಳ್ಳೆಯ ಹೊತ್ತನ್ನು ಹುಡುಕಿ, ಅದನ್ನೇ ಇಬ್ಬರೂ ಒಪ್ಪಿ ಏಳುವುದು. ಮೂವತ್ತೊಂದು ವರ್ಷ ಆ ಕೋಣೆಯಲ್ಲಿ ಒಂದು ದೂರಿಗೂ ನಾನು ಹೌದು ಎಂದಿರಲಿಲ್ಲ.

ಆ ಶುಕ್ರವಾರ ಬಂದವಳು ಹಾಲಮ್ಮ. ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಕಾದ ಮರಳಿನ ಬಾಣಲೆಯ ಮುಂದೆ ಕೆಲಸ ಅವಳದು. ಕೂದಲಿಗೆ ಹೊಟ್ಟಿನ ಬೂದಿ ಮೆತ್ತಿಕೊಂಡೇ ಇರುತ್ತಿತ್ತು. ಗಂಡ ಲಾರಿ ಡ್ರೈವರ್, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುವವನು. ಮಗಳು ದಾಕ್ಷಾಯಿಣಿ ಶಾಲೆ ಬಿಟ್ಟ ಕೂಡಲೇ ಭಟ್ಟಿಗೆ ಬಂದು ಬಾಣಲೆಗಳ ನಡುವೆ ಓಡಾಡುತ್ತಾಳೆ, ಯಾವತ್ತು ಏನು ಮೈಮೇಲೆ ಬೀಳುತ್ತದೋ ಎಂಬುದು ಹಾಲಮ್ಮನ ಭಯ.

"ಹೇಳಿ ಹಾಲಮ್ಮ, ಇಲ್ಲಿಂದ ಎದ್ದು ಹೋಗೋ ಹೊತ್ತಿಗೆ ಏನಾಗಿದ್ರೆ ಬಂದದ್ದು ಸಾರ್ಥಕ ಅನ್ಸುತ್ತೆ?" ಎಂದೆ.

"ಭಟ್ಟಿ ಬಿಟ್ ಬಂದೀನಿ ಟೀಚರಮ್ಮ. ಬೇಗ ಮುಗುದ್ರೆ ಸಾರ್ಥಕ."

"ಆಗ್ಲಿ. ಒಂದು ವಿಷಯ ಯೋಚ್ನೆ ಮಾಡಿ. ನೀವು ಮಲಗಿದ್ದಾಗ, ನಿಮಗೆ ಗೊತ್ತಾಗದ ಹಾಗೆ ಈ ಚಿಂತೆ ಎಲ್ಲ ಪರಿಹಾರ ಆಗ್ಬಿಟ್ಟಿದೆ. ಬೆಳಗ್ಗೆ ಎದ್ದಾಗ ಏನು ನೋಡಿ ನಿಮಗೆ ಗೊತ್ತಾಗುತ್ತೆ?"

"ಯಾರಾರ ಚಾ ಕಾಸಿಟ್ಟಿರ್ತಾರೆ."

"ಆಮೇಲೆ?"

"ಆಮೇಲೆ ಅದನ್ನ ನಾನು ಕುಂತ್ಕಂಡು ಕುಡೀತೀನಿ."

ಇಬ್ಬರೂ ನಕ್ಕೆವು. ಅವಳ ಬಿಗಿದ ಹೆಗಲು ಸ್ವಲ್ಪ ಇಳಿಯಿತು. ಆ ಭಯ ಪೂರ್ತಿ ಕಳೆದರೆ ಹತ್ತು ಅಂತಾದರೆ ಈಗ ಎಷ್ಟು ಎಂದೆ. ಎರಡು ಎಂದಳು. ಸೊನ್ನೆ ಯಾಕಲ್ಲ ಎಂದೆ. ಹಾಲಮ್ಮ ಯೋಚಿಸಿದಳು. ಉತ್ತರ ಬಾಯಿಗೆ ಬರುವುದರಲ್ಲಿತ್ತು. ಅಷ್ಟರಲ್ಲಿ ಕಿಟಕಿಯ ಹೊರಗೆ ದಾಕ್ಷಾಯಿಣಿ ಹಾದುಹೋದಳು. ಅದು ಮೂರನೆಯ ಸಲ. ರಿಬ್ಬನ್ನು ಒಂದು ಜಡೆಯಲ್ಲಿ ಮಾತ್ರ ಉಳಿದಿತ್ತು. ನಮ್ಮನ್ನು ನೋಡಿ ಹಲ್ಲು ಕಿಸಿದು ಮತ್ತೆ ಓಡಿದಳು.

"ನೋಡ್ರಿ ಅದನ್ನ! ಒಂದ್ ಗಳಿಗೆ ನಿಲ್ಲಾದಿಲ್ಲ ಇವಳು" ಎಂದಳು ಹಾಲಮ್ಮ, ನಗುತ್ತಲೇ.

"ಹೌದು ನೋಡಿ, ಒಂದು ಗಳಿಗೆ ನಿಲ್ಲೋದಿಲ್ಲ" ಎಂದೆ ನಾನು.

ಆ ಮಾತಿನಲ್ಲಿ ದೂರು ಇರಲಿಲ್ಲ. ಆ ಮಗುವಿನ ಮೇಲೆ ನನಗಿದ್ದ ಮುದ್ದು ಬಾಯಿ ತಪ್ಪಿ ಈಚೆ ಬಂದಿತ್ತು. ಹಾಲಮ್ಮನ ನಗು ಮುಖದ ಮೇಲೆ ಹಾಗೇ ನಿಂತಿತು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಹೊರಗೆ ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು, ಮಕ್ಕಳೆಲ್ಲ ಸಾಲಾಗಿ ನಿಂತರು. ಒಂದು ಜೊತೆ ಹೆಜ್ಜೆಯ ಸದ್ದು ಮಾತ್ರ ಮುಂದುವರಿಯಿತು.

"ದಾಕ್ಷೀ, ನಿಂತ್ಕಳೇ!" ಹಾಲಮ್ಮ ಚೀರುತ್ತ ಓಡಿದಳು.

"ನಿಂತೆ ಅಮ್ಮಾ" ಅಂದಳು ಹುಡುಗಿ. ಅವಳ ಕಾಲು ಅವಳ ಮಾತನ್ನು ಕೇಳಲಿಲ್ಲ. ತನ್ನ ಮೊಣಕಾಲುಗಳನ್ನು ತಾನೇ ಬಗ್ಗಿ ನೋಡಿಕೊಂಡಳು, ಬೇರೆ ಯಾರದೋ ಕಾಲು ನೋಡುವ ಹಾಗೆ. ಹಾಲಮ್ಮ ಎತ್ತಿಕೊಂಡಳು. ಗಾಳಿಯಲ್ಲೂ ಕಾಲು ತುಳಿಯುತ್ತಲೇ ಇತ್ತು, ಒಂದು ನಿಮಿಷದಲ್ಲಿ ಮುಖ ಕೆಂಪಾಗಿ ಉಸಿರು ಕಟ್ಟಿತು. ಇಳಿಸಲೇಬೇಕಾಯಿತು. ಇಳಿಸಿದ ಕೂಡಲೇ ಉಸಿರು ಬಂತು, ನಡಿಗೆಯೂ ಬಂತು. ಹುಡುಗಿ ಗೇಟು ದಾಟಿ ಪೇಟೆಯ ಬೀದಿ ಹಿಡಿದಳು.

ಹಾಲಮ್ಮ ನನ್ನ ಕಡೆ ತಿರುಗಿದಳು. "ನಾನು ಬಾಯಿಗ್ ಬಂದಂಗ್ ಮಾತಾಡೋಳು ಟೀಚರಮ್ಮ. ನೀವು ಓದಿದೋರಲ್ವಾ?" ಅಷ್ಟೇ ಹೇಳಿ ಮಗಳ ಹಿಂದೆ ಹೋದಳು. ಹೆಡ್‌ಮಾಸ್ಟರು ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ನನ್ನ ಕೈಗೆ ನೀರಿನ ಲೋಟ ಕೊಟ್ಟು ತಾವೇ ಅದರ ತಳ ಹಿಡಿದುಕೊಂಡು ನಿಂತರು.

ಶಾಲೆಯಿಂದ ಪೇಟೆ ಬೀದಿ, ಅಲ್ಲಿಂದ ಮಂಡಕ್ಕಿ ಭಟ್ಟಿ, ನೇಕಾರರ ಓಣಿ, ಮತ್ತೆ ಶಾಲೆ. ಒಂದು ಸುತ್ತಿಗೆ ಇಪ್ಪತ್ತು ನಿಮಿಷ. ಹುಡುಗಿ ಅದೇ ದಾರಿ ಹಿಡಿದು ಸುತ್ತತೊಡಗಿದಳು, ಊರು ಅವಳ ನಡಿಗೆಗೆ ಹೊಂದಿಕೊಳ್ಳತೊಡಗಿತು. ಸಂಜೆಯೊಳಗೆ ಕ್ಷೌರಿಕರು ತಮ್ಮ ಅಂಗಡಿಯ ಪೊರಕೆ ತಂದು ದಾರಿಯ ಕಲ್ಲುಚೂರುಗಳನ್ನು ಗುಡಿಸಿದ್ದರು. ಟೈಲರು ಹಳೆ ಕೋಟಿನ ಹತ್ತಿಯಿಂದ ಪಾದಕ್ಕೆ ಮೆತ್ತನೆಯ ಚೀಲ ಹೊಲಿದು, ಅವಳು ಒಂದೊಂದು ಕಾಲು ಎತ್ತಿದಾಗ ಒಂದೊಂದನ್ನು ತೊಡಿಸಿದ. ಬಸ್ಸಿನವನು ಅವಳನ್ನು ಕಂಡರೆ ಎಂಜಿನ್ ಆರಿಸಿ ಕಾಯುತ್ತಿದ್ದ. ಭಟ್ಟಿಯ ಹೆಂಗಸರು ಅವಳ ಮುಂದೆ ಹಿಂದುಹಿಂದಕ್ಕೆ ನಡೆಯುತ್ತ ತುತ್ತು ಬಾಯಿಗಿಡುತ್ತಿದ್ದರು. ಅದರಲ್ಲೊಬ್ಬಳು ಚರಂಡಿಗೆ ಬಿದ್ದು ಎದ್ದು, ತಟ್ಟೆ ಮಾತ್ರ ಚೆಲ್ಲದೆ ಮುಂದುವರಿದಳು. ಶನಿವಾರದ ಬೆಳಗಿನ ಶಾಲೆಯಲ್ಲಿ ಮೂರನೆಯ ತರಗತಿಯ ಎರಡೂ ಬಾಗಿಲು ತೆರೆದಿಟ್ಟರು. ಅವಳು ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೋಗುವಷ್ಟರಲ್ಲಿ ಮಕ್ಕಳು ಮಗ್ಗಿಯ ಒಂದು ಸಾಲು ಜೋರಾಗಿ ಹೇಳುತ್ತಿದ್ದರು, ಅವಳಿಗೆ ಪಾಠ ತಪ್ಪಬಾರದೆಂದು. ನಿದ್ದೆಯನ್ನೂ ಅವಳು ನಡೆಯುತ್ತಲೇ ಮಾಡಿದಳು, ಎರಡು ಪಕ್ಕದಲ್ಲಿ ಇಬ್ಬರು ತೋಳು ಹಿಡಿದುಕೊಂಡು. ಅದಕ್ಕೆ ಯಾರ ಸರದಿ ಯಾವಾಗ ಎಂದು ಯಾರೂ ಹೇಳಬೇಕಾಗಲಿಲ್ಲ.

ನನ್ನನ್ನು ಒಬ್ಬರಾದರೂ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಯಾರೂ ಬೈಯಲಿಲ್ಲ. ಹೂವು ಮಾರುವವಳು ಎಂದಿನಂತೆ ನನ್ನ ಬಾಗಿಲಿಗೆ ಬಂದು ಮೊಳಕ್ಕೆ ನಾಲ್ಕು ಬೆರಳು ಹೆಚ್ಚಿಗೆ ಅಳೆದು ಹೋದಳು. ನಾನು ಬಾಗಿಲ ಹಿಂದೆ ನಿಂತು ಅತ್ತೆ.

ಹತ್ತಿದ ಮಾತನ್ನು ಬಿಡಿಸಲು ಆ ಮಾತಾಡಿದ ಇಬ್ಬರಿಗೇ ಸಾಧ್ಯ. ಶನಿವಾರ ಮಧ್ಯಾಹ್ನ ಹೆಡ್‌ಮಾಸ್ಟರು ನಮ್ಮಿಬ್ಬರನ್ನೂ ಬೀದಿಯಲ್ಲಿ ಎದುರುಬದುರು ನಿಲ್ಲಿಸಿ ಹೇಳಿಸಿದರು. "ಇವಳು ನಿಲ್ತಾಳೆ" ಎಂದಳು ಹಾಲಮ್ಮ. "ಹೌದು, ನಿಲ್ಲುತ್ತಾಳೆ" ಎಂದೆ ನಾನು. ಏಳು ಸಲ ಹೇಳಿದೆವು. ಆ ಮಾತು ಹತ್ತಿದ ಮೇಲೆ ಅವಳು ನಿಂತದ್ದನ್ನು ಇಬ್ಬರೂ ನೋಡಿರಲಿಲ್ಲವಲ್ಲ, ಮಾತು ಒಣಗಿದ ಸಿಪ್ಪೆಯಂತೆ ನೆಲಕ್ಕೆ ಬಿತ್ತು. ನಮ್ಮ ಪಕ್ಕದಲ್ಲೇ ಹುಡುಗಿ ಹಾದುಹೋದಳು. ಹತ್ತಿಯ ಚೀಲದ ಹಿಮ್ಮಡಿಯಲ್ಲಿ ಕೆಂಪು ಕಾಣಿಸಿಕೊಂಡಿತ್ತು.

ಭಾನುವಾರ ಮಧ್ಯಾಹ್ನ ಹಾಲಮ್ಮ ನನ್ನ ಮನೆಗೆ ಬಂದಳು. ಕಣ್ಣುಗಳು ಒಳಗೆ ಹೋಗಿದ್ದವು.

"ಕೇಳ್ರಿ" ಎಂದಳು.

"ಏನು ಕೇಳಲಿ?"

"ನಿಮ್ ಪ್ರಶ್ನೆ. ಶುಕ್ರವಾರ ಕೇಳ್ತಿದ್ರಲ್ಲ, ಅವೇ."

"ಹಾಲಮ್ಮ, ನನ್ನ ಪ್ರಶ್ನೆಗಳಿಂದ ಆದದ್ದು ಸಾಕು."

"ಪ್ರಶ್ನೆಯಿಂದ ಆಗ್ಲಿಲ್ಲ ಟೀಚರಮ್ಮ. ಪ್ರಶ್ನೆ ಬಿಟ್ಟು ನಗಾಕ್ ಹೋಗಿ ಆತು. ಎದ್ದೇಳ್ರಿ, ಸೀರೆ ಸರಿ ಮಾಡ್ಕಳ್ರಿ."

ಹೀಗೆ ನಮ್ಮ ಸಮಾಲೋಚನೆ ದಾಕ್ಷಾಯಿಣಿಯ ಹತ್ತು ಹೆಜ್ಜೆ ಹಿಂದೆ, ನಡೆಯುತ್ತ ಶುರುವಾಯಿತು. ನನ್ನ ಮಂಡಿ ನೋಯುತ್ತಿತ್ತು. ಹಾಲಮ್ಮ ಕೇಳದೆಯೇ ಬಿಸಿಲಿನ ಮಗ್ಗುಲಿಗೆ ತಾನು ಬಂದು ನೆರಳಿನ ಮಗ್ಗುಲು ನನಗೆ ಬಿಟ್ಟಳು.

"ಈಗ ಹತ್ತಕ್ಕೆ ಎಷ್ಟು?"

"ಸೊನ್ನೆ."

"ಈ ಮೂರು ದಿನದಲ್ಲಿ ಸೊನ್ನೆಗಿಂತ ಒಂದು ಕೂದಲೆಳೆ ಮೇಲಿದ್ದದ್ದು ಯಾವಾಗ?"

ಹಾಲಮ್ಮ ಮಗಳ ಬೆನ್ನನ್ನೇ ನೋಡುತ್ತ ನಡೆದಳು. ಆಮೇಲೆ, "ನಿನ್ನೆ ಭಟ್ಟಿ ಬಾಗ್ಲಾಗೆ ಸ್ವಲ್ಪ ನಿಧಾನ ಆದಂಗಿತ್ತು" ಎಂದಳು.

ನಾನು ಅದನ್ನು ನೋಡಿರಲಿಲ್ಲ. ನಾನು ನೋಡಿದ್ದು ಶಾಲೆಯ ಗೇಟಿನಲ್ಲಿ ಅವಳ ಹೆಜ್ಜೆ ಸಣ್ಣದಾದದ್ದನ್ನು. ಅದನ್ನು ಹಾಲಮ್ಮ ನೋಡಿರಲಿಲ್ಲ. ಭಟ್ಟಿಯೇ ಸರಿ ಎಂದು ಅವಳು, ಗೇಟೇ ಸರಿ ಎಂದು ನಾನು, ಎರಡು ಸುತ್ತು ಅದರಲ್ಲೇ ಕಳೆದೆವು. ಕೊನೆಗೆ ಅವಳೇ ಅಂದಳು: "ಜಗಳ ಬ್ಯಾಡ. ಇಬ್ರೂ ಒಂದೇ ಕಡೆ ನೋಡಾನ. ಅವಳ ಪಾದ ನೋಡಾನ."

ಪಾದ ನೋಡುತ್ತ ನಡೆದೆವು. ನಾಲ್ಕು ಸುತ್ತಾದ ಮೇಲೆ ನೇಕಾರರ ಓಣಿಯಲ್ಲಿ ಒಂದು ಮನೆಯ ಮುಂದೆ ಇಬ್ಬರೂ ಒಟ್ಟಿಗೆ ಒಬ್ಬರ ಕೈ ಒಬ್ಬರು ಹಿಡಿದೆವು. ಆ ಮನೆಯ ಕಟ್ಟೆಯ ಮೇಲೆ ವಾಮದೇವಪ್ಪನವರು ಕೂತಿದ್ದರು. ಅರವತ್ತು ದಾಟಿದ ಮನುಷ್ಯ. ಅವರು ಮಗುವಾಗಿದ್ದಾಗ ಅಜ್ಜಿಯೂ ಸೋದರತ್ತೆಯೂ ತೊಟ್ಟಿಲ ಪಕ್ಕ ಕೂತು, "ಎಂಥ ಬಂಗಾರದಂಥ ಕೂಸು, ತನಗಂತ ಏನೂ ಕೇಳಾದಿಲ್ಲ" ಎಂದು ಒಬ್ಬರ ಮಾತಿಗೆ ಒಬ್ಬರು ಹೂಂಗುಟ್ಟಿದ್ದರಂತೆ. ಅಂದಿನಿಂದ ತಮಗೆಂದು ಏನನ್ನೂ ಕೇಳಲು ಅವರಿಗೆ ಆಗಲೇ ಇಲ್ಲ. ಅಂಗಡಿಯವನು ಅವರ ಖಾಲಿ ಚೀಲದೊಳಗೆ ಇಣುಕಿ, ಏನು ಮುಗಿದಿರಬಹುದೆಂದು ಊಹಿಸಿ ತುಂಬಿ ಕಳಿಸುತ್ತಾನೆ. ಮೆಚ್ಚಿಕೆಯೂ ಹತ್ತುತ್ತದೆ ಎನ್ನುವುದಕ್ಕೆ ನಮ್ಮೂರಲ್ಲಿ ಎಲ್ಲರೂ ತಗ್ಗಿದ ದನಿಯಲ್ಲಿ ಅವರ ಹೆಸರು ಹೇಳುತ್ತಾರೆ.

ಅದಕ್ಕೂ ಒಂದು ಸುತ್ತು ಮೊದಲು ಅವರ ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ದಾರ. ಕಣ್ಣು ಮಂಜು, ದಾರ ಪೋಣಿಸಲು ಆಗುತ್ತಿಲ್ಲ. ಪೋಣಿಸಿಕೊಡು ಎಂದು ಕೇಳಲೂ ಆಗದು. ದಾಕ್ಷಾಯಿಣಿ ಹಾದುಹೋಗುವಾಗ ಅದನ್ನು ನೋಡಿದಳು. ಸೂಜಿ ದಾರ ಎರಡನ್ನೂ ಅವರ ಕೈಯಿಂದ ಎತ್ತಿಕೊಂಡು ನಡೆದಳು. ಒಂದು ಸುತ್ತಿನ ಉದ್ದಕ್ಕೂ, ಕುಲುಕುವ ಕೈಯಲ್ಲಿ, ದಾರದ ತುದಿಯನ್ನು ಎಂಜಲು ಮಾಡಿ ಮಾಡಿ ಪೋಣಿಸಿದಳು. ಮತ್ತೆ ಆ ಕಟ್ಟೆಗೆ ಬಂದಾಗ, ಚುಚ್ಚೀತೆಂದು ಸೂಜಿಯ ಮೊನೆಯನ್ನು ತನ್ನ ಕಡೆಗೆ ಮಾಡಿ, ಅವರ ಬೆರಳ ನಡುವೆ ಇಟ್ಟಳು. ಹಾಗೆ ಇಡುವಾಗ ಅವಳ ಎಡಗಾಲು ನೆಲ ಬಿಡಲಿಲ್ಲ. ಬಲಗಾಲೂ ಏಳಲಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಆ ಮಗು ನಿಂತಿತ್ತು. ಆಮೇಲೆ ಹೊರಟಿತು.

ಹಾಲಮ್ಮ ನನ್ನ ಮಣಿಕಟ್ಟು ಮುರಿಯುವ ಹಾಗೆ ಹಿಡಿದಿದ್ದಳು.

"ನೋಡಿದ್ರಾ?"

"ನೋಡಿದೆ."

"ಕೊಡುವಾಗ ನಿಲ್ತಾಳೆ" ಎಂದಳು. "ಟೀಚರಮ್ಮ, ಕೊಡುವಾಗ ನಿಲ್ತಾಳೆ ನನ್ ಮಗಳು. ಹೌದನ್ರಿ."

ಇಬ್ಬರೂ ನೋಡಿದ್ದೆವು. ನಿಜವಾದ ಮಾತು. ನನ್ನ ನಾಲಿಗೆಯ ತುದಿಗೆ ಆ 'ಹೌದು' ಬಂದಿತ್ತು, ಅದರ ರುಚಿ ಕೂಡ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ನನ್ನ ಕಣ್ಣು ವಾಮದೇವಪ್ಪನವರ ಮೇಲೆ ಬಿತ್ತು. ಪೋಣಿಸಿದ ಸೂಜಿ ಹಿಡಿದು ಅವರು ನಮ್ಮನ್ನೇ ನೋಡುತ್ತಿದ್ದರು. ನಾನು ಹೌದು ಎಂದರೆ ಈ ಹುಡುಗಿ ನಿಲ್ಲುತ್ತಾಳೆ, ಕೈಯಲ್ಲಿ ಕೊಡಲು ಏನಾದರೂ ಇರುವಷ್ಟು ಹೊತ್ತು. ಉಣ್ಣಲು ನಿಲ್ಲಬೇಕಾದರೆ ಮೊದಲು ಯಾರಿಗಾದರೂ ಬಡಿಸಬೇಕು. ಮಲಗಬೇಕಾದರೆ ಯಾರಿಗಾದರೂ ಏನಾದರೂ ಕೊಡುತ್ತಲೇ ಇರಬೇಕು. ಇಪ್ಪತ್ತು ವರ್ಷದವಳಾದಾಗಲೂ, ಐವತ್ತರವಳಾದಾಗಲೂ. ಎಂಥ ಬಂಗಾರದಂಥ ಹೆಣ್ಣು ಎಂದು ಊರು ಹೊಗಳುತ್ತದೆ.

"ಹೌದನ್ರೀ!"

"ಅನ್ನೋದಿಲ್ಲ" ಎಂದೆ.

"ಏನಂದ್ರಿ?"

"ಆ ಮಾತಿಗೆ ಹೌದು ಅನ್ನೋದಿಲ್ಲ ಹಾಲಮ್ಮ. ಬದುಕೆಲ್ಲ ಕೊಡ್ತಾನೇ ಇರಬೇಕಾಗುತ್ತೆ ಅವಳು. ಇನ್ನೊಂದು ಸುತ್ತು ನೋಡೋಣ."

ಹಾಲಮ್ಮ ನನ್ನ ಕೆನ್ನೆಗೆ ಹೊಡೆದಳು. ಕಾದ ಮರಳು ತಿರುವಿದ ಅಂಗೈ ಅದು. ನನ್ನ ಕನ್ನಡಕ ಹಾರಿ ಮಣ್ಣಿನಲ್ಲಿ ಬಿತ್ತು. ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇಲ್ಲದ ಹಾಗಾಯಿತು. ನನ್ನ ಇಡೀ ಆಯುಸ್ಸಿನಲ್ಲಿ ನನಗೆ ಯಾರೂ ಹೊಡೆದಿರಲಿಲ್ಲ. ಆಶ್ಚರ್ಯವೆಂದರೆ, ಮೂರು ದಿನದಲ್ಲಿ ಮೊದಲ ಸಲ ನನಗೆ ನೆಟ್ಟಗೆ ಉಸಿರಾಡಲು ಆಯಿತು.

"ರಗುತ ಬರ್ತಾ ಐತೆ ಅವಳ ಕಾಲಾಗೆ" ಎಂದಳು ಹಾಲಮ್ಮ. "ನೀವು ಮುಂದಿಂದು ಹೇಳ್ತೀರಿ. ನನ್ ಕೂಸಿಗೆ ಇವತ್ತು ಬೇಕು."

"ಗೊತ್ತು."

"ಏನ್ ಗೊತ್ತು ನಿಮಗೆ?"

ಅವಳು ಬಗ್ಗಿ ನನ್ನ ಕನ್ನಡಕ ಎತ್ತಿಕೊಂಡಳು. ಸೆರಗಿನಲ್ಲಿ ಎರಡೂ ಗಾಜು ಒರೆಸಿದಳು, ಬೆಳಕಿಗೆ ಹಿಡಿದು ಬಿರುಕಿಲ್ಲವೆಂದು ನೋಡಿದಳು, ತಾನೇ ನನ್ನ ಕಿವಿಗೆ ಸಿಕ್ಕಿಸಿದಳು. ಕ್ಷಮಿಸಿ ಎನ್ನಲಿಲ್ಲ. ವಾಮದೇವಪ್ಪನವರ ಕಡೆಗೆ ಬಹಳ ಹೊತ್ತು ನೋಡಿದಳು. ಅವರ ಅಂಗಿಗೆ ಮೂರು ಗುಂಡಿ ಇರಲಿಲ್ಲ. ಎಷ್ಟು ದಿನದಿಂದ ಇರಲಿಲ್ಲವೋ.

"ಒಂದು ಸುತ್ತು" ಎಂದಳು ಹಾಲಮ್ಮ. "ಒಂದೇ."

ಭಟ್ಟಿಯ ಹೆಂಗಸರು ಮಗುವಿನ ಜೊತೆ ಹೋಗಿದ್ದರು. ನಾವಿಬ್ಬರೂ ಆ ಕಟ್ಟೆಯ ಬಳಿಯೇ ಕಾದೆವು. ನನ್ನ ಕೆನ್ನೆ ಉರಿಯುತ್ತಿತ್ತು. ನಾನು ತಪ್ಪು ಮಾಡಿದ್ದರೆ? ಹುಡುಗಿ ಮುಂದಿನ ಸಲ ಕಟ್ಟೆಯ ಬಳಿ ನಿಲ್ಲದೇ ಹೋದರೆ, ಆ ಒಂದು ಉಸಿರಿನ ನಿಲುಗಡೆ ಮತ್ತೆ ಸಿಕ್ಕದೇ ಹೋದರೆ? ವಾಮದೇವಪ್ಪನವರು ಎದ್ದು ಒಳಗೆ ಹೋದರು. ಬರುವಾಗ ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ತಂದರು. ಮಜ್ಜಿಗೆ ನಮಗೆಂದುಕೊಂಡೆ. ಅವರು ಕೂತು ಲೋಟವನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡರು.

ದಾಕ್ಷಾಯಿಣಿ ಬಂದಳು. ತುಟಿ ಒಣಗಿ ಬಿಳಿಚಿತ್ತು. ಅವರು ಲೋಟ ಮುಂದೆ ಚಾಚಲಿಲ್ಲ, ಎದ್ದು ಜೊತೆಗೆ ನಡೆಯಲೂ ಇಲ್ಲ. ಕೂತಲ್ಲಿಂದಲೇ, ಯಾವಾಗಲೂ ಮುಚ್ಚಿರುತ್ತಿದ್ದ ಆ ಬಾಯಿಂದ, "ಮಜ್ಜಿಗೆ ಬೇಕೇನವ್ವಾ?" ಎಂದರು.

ಹುಡುಗಿ ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದಳು. ಮೂರನೆಯ ಹೆಜ್ಜೆ ನೆಲಕ್ಕಿಟ್ಟದ್ದು ಏಳಲಿಲ್ಲ. ಅವಳು ತಿರುಗಿದಳು.

"ಉಪ್ಪು ಹಾಕೀರಾ?"

"ಹಾಕೀನಿ."

"ಇಂಗು?"

"ಇಲ್ಲವ್ವ."

"ಹಂಗಾರೆ ಬೇಕು" ಎಂದಳು.

ನಿಂತು ಕುಡಿದಳು. ಗಂಟಲು ಮೇಲೆ ಕೆಳಗೆ ಆಡುತ್ತಿತ್ತು, ಕಾಲು ಆಡುತ್ತಿರಲಿಲ್ಲ. ಲೋಟ ಬರಿದು ಮಾಡಿ, ಮೀಸೆಯಂತಾದ ಮಜ್ಜಿಗೆಯನ್ನು ತೋಳಿಗೆ ಒರೆಸಿಕೊಂಡು, "ಇನ್ನೊಂದ್ ಸ್ವಲ್ಪ" ಎಂದಳು. ವಾಮದೇವಪ್ಪನವರು ಲೋಟ ತೆಗೆದುಕೊಂಡು ಒಳಗೆ ಹೋದರು. ಅವಳ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಎದುರಿಗೆ ಕೈಚಾಚಿದವರೂ ಯಾರೂ ಇರಲಿಲ್ಲ. ತನಗೆ ಬೇಕಾದ್ದಕ್ಕೆ ಕಾಯುತ್ತ ಅವಳು ಬೀದಿಯ ನಡುವೆ ನಿಂತೇ ಇದ್ದಳು.

ಹಾಲಮ್ಮ ಒಂದೊಂದೇ ಅಕ್ಷರವನ್ನು ಕೆಂಡ ಎತ್ತಿಡುವಂತೆ ಎತ್ತಿ ಇಟ್ಟಳು. "ಅವಳಿಗೆ ಬೇಕಾದಾಗ ನಿಲ್ತಾಳೆ."

ನಾನು ಆ ಮಾತನ್ನು ಒಳಗೇ ಒಮ್ಮೆ ತಿರುಗಿಸಿ ನೋಡಿದೆ. ಇಪ್ಪತ್ತರಲ್ಲಿ, ಐವತ್ತರಲ್ಲಿ, ನನ್ನ ವಯಸ್ಸಿನಲ್ಲಿ ಇಟ್ಟು ನೋಡಿದೆ.

"ಹೌದು" ಎಂದೆ. "ಅವಳಿಗೆ ಬೇಕಾದಾಗ ನಿಲ್ಲುತ್ತಾಳೆ."

ದಾಕ್ಷಾಯಿಣಿ ತನ್ನ ಮೊಣಕಾಲುಗಳನ್ನು ಬಗ್ಗಿ ನೋಡಿದಳು. ಒಂದು ಕಾಲನ್ನು ಅಲುಗಿಸಿದಳು, ನಿಲ್ಲಿಸಿದಳು. ಇನ್ನೊಂದನ್ನು ಅಲುಗಿಸಿದಳು, ನಿಲ್ಲಿಸಿದಳು. ಕಟ್ಟೆಗೆ ಬಂದು ಕೂತಳು. ವಾಮದೇವಪ್ಪನವರು ತುಂಬಿದ ಲೋಟ ತಂದು ಅವಳ ಕೈಗಿಟ್ಟು, ಮತ್ತೆ ತಮ್ಮ ಸೂಜಿ ಹಿಡಿದು ಕೂತರು. ಹಾಲಮ್ಮ ಓಡಿಹೋಗಿ ಅವಳ ಪಾದ ಮಡಿಲಿಗೆ ಎಳೆದುಕೊಂಡು, ಚೀಲ ಬಿಚ್ಚಿ, ಬಾಯಿಂದ ಗಾಳಿ ಊದುತ್ತ ಅಳತೊಡಗಿದಳು. ಬೀದಿಯ ಜನ ಬಾಗಿಲು ಬಾಗಿಲಿಂದ ಈಚೆ ಬಂದರು.

"ಬಾ ಮಗಾ, ಮನೆಗ್ ಹೋಗಾನ. ಎತ್ಕಂತೀನಿ."

"ಈಗ್ ಬ್ಯಾಡ" ಎಂದಳು ದಾಕ್ಷಾಯಿಣಿ. "ಇಲ್ಲೇ ಕೂರ್ತೀನಿ."

ಹಾಲಮ್ಮ ಅಳುವಿನ ನಡುವೆಯೇ ನಕ್ಕಳು. ಎಲ್ಲರೂ ನಕ್ಕರು. ನಾನೂ ಮಂಡಿ ಊರಿ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ನನ್ನ ಕಸುಬಿನ ಅಭ್ಯಾಸ, ಇಷ್ಟಾದ ಮೇಲೂ ಬಿಡಲಿಲ್ಲ.

"ಏನಾಗಿ ನಿಲ್ಲೋಕೆ ಆಯ್ತು ಪುಟ್ಟಿ?" ಎಂದು ಕೇಳಿದೆ.

"ಈ ತಾತ ಬೇಕಾ ಅಂತ ಕೇಳಿದ್ರು" ಎಂದಳು. ಬೇಸರವೂ ಇಲ್ಲ, ಸಿಟ್ಟೂ ಇಲ್ಲ. ತರಗತಿಯಲ್ಲಿ ಉತ್ತರ ಹೇಳುವ ಹಾಗೆ. "ಮೂರ್ ದಿನದಿಂದ ಯಾರೂ ಕೇಳ್ಲಿಲ್ಲ. ಎಲ್ಲ ಬಾಯಿಗ್ ತಂದು ಇಡ್ತಿದ್ರು."

ಬೀದಿಯ ನಗು ನಿಂತಿತು. ಕ್ಷೌರಿಕರ ಪೊರಕೆ, ಟೈಲರನ ಹತ್ತಿ, ಭಟ್ಟಿಯವರ ತುತ್ತು, ತೆರೆದಿಟ್ಟ ಎರಡು ಬಾಗಿಲು, ಒಂದೊಂದನ್ನೂ ನಾನು ಕಣ್ಣಲ್ಲಿ ನೀರು ತುಂಬಿ ಗಮನಿಸಿದ್ದೆ. ಆ ಮಮತೆಯೆಲ್ಲ ಅವಳ ಪಕ್ಕದಲ್ಲಿ ನಡೆದಿತ್ತು, ಒಂದಾದರೂ ಅವಳ ಬಾಯಿಗೆ ಕಿವಿಗೊಟ್ಟಿರಲಿಲ್ಲ. ಮತ್ತೆ ನಾನು? ಆ ಊರಿನಲ್ಲಿ ಪ್ರಶ್ನೆ ಕೇಳುವುದನ್ನೇ ಕೆಲಸ ಮಾಡಿಕೊಂಡವಳು ನಾನೊಬ್ಬಳು. ತಾಯಂದಿರನ್ನು ಕೇಳಿದ್ದೆ, ತಂದೆ, ಮೇಷ್ಟ್ರು, ಅಜ್ಜಿ ಎಲ್ಲರನ್ನೂ ಕೇಳಿದ್ದೆ. ಹತ್ತಕ್ಕೆ ಎಷ್ಟು, ಸೊನ್ನೆ ಯಾಕಲ್ಲ. ಆ ಮಧ್ಯಾಹ್ನದಿಂದ ಅವಳ ಹತ್ತೇ ಹೆಜ್ಜೆ ಹಿಂದೆ, ಅವಳಿಗೆ ಕೇಳಿಸುವಷ್ಟು ಜೋರಾಗಿ, ಅವಳ ವಿಷಯವನ್ನು ಅವಳ ತಾಯಿಯನ್ನು ಕೇಳುತ್ತ ಆರು ಸುತ್ತು ನಡೆದಿದ್ದೆ. ಆ ಮೂವತ್ತೊಂದು ವರ್ಷದ ಮಕ್ಕಳ ಮುಖಗಳು ಒಂದರ ಹಿಂದೆ ಒಂದು ಕಣ್ಣಿಗೆ ಬಂದವು. ನನಗೆ ಕೂತಿರಲು ಆಗಲಿಲ್ಲ. ಎದ್ದುನಿಂತೆ.

"ದಾಕ್ಷಾಯಿಣಿ" ಎಂದೆ. "ನಿನಗೇನು ಬೇಕು?"

ಅವಳು ನನ್ನ ಮುಖ ನೋಡಿದಳು. ಕೆನ್ನೆಯ ಮೇಲಿನ ಐದು ಬೆರಳನ್ನೂ ನೋಡಿದಳು. ಅಮ್ಮನನ್ನು ನೋಡಿದಳು. ಆಮೇಲೆ ಹುಬ್ಬು ಗಂಟು ಹಾಕಿ, ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬೀದಿಯ ಆಚೆ ತುದಿಯವರೆಗೆ ಕಣ್ಣು ಹಾಯಿಸಿದಳು.

"ತಡೀರಿ" ಎಂದಳು. "ಯೋಚ್ನೆ ಮಾಡ್ತೀನಿ."

ಹಾಲಮ್ಮ ಪಾದಕ್ಕೆ ಊದುವುದನ್ನು ಬಿಟ್ಟಳು. ವಾಮದೇವಪ್ಪನವರು ಸೂಜಿ ಕೆಳಗಿಟ್ಟರು. ಬೀದಿಯ ತಿರುವಿನಲ್ಲಿ ಬಸ್ಸು ಬಂದು, ಜನ ನಿಂತಿರುವುದನ್ನು ಕಂಡು ಎಂಜಿನ್ ಆರಿಸಿತು. ಅವಳು ಯೋಚನೆ ಮಾಡುತ್ತಿದ್ದಳು, ನಾವೆಲ್ಲ ನಿಂತಿದ್ದೆವು.